ಒಂದಡಿಗೆ ಎರಡಂಗುಲ



ಬಹಳ ದಿನದಿಂದ ಏನೂ ಬರೆದಿರಲಿಲ್ಲ. ಪಾಠ, ಪರೀಕ್ಷೆ, ತರಬೇತಿ, ಮೊಬೈಲಿನಲ್ಲಿ ಹಾಜರಿ... ಇದರಲ್ಲೇ ದಿನ ಕಳೆದುಹೋಗುತ್ತದೆ. ಇವತ್ತು ಕೂತು ಬರೆಯುತ್ತಿರುವುದು ಗೊಂಬೆಗಳ ಬಗ್ಗೆ. ಅದೂ ಸಿನಿಮಾ ಸೂಪರ್ ಹೀರೋಗಳ ಗೊಂಬೆಗಳ ಬಗ್ಗೆ! "ನಲವತ್ತು ದಾಟಿದ ಮೇಲೆ ಮೇಷ್ಟ್ರಿಗೆ ಗೊಂಬೆ ಹುಚ್ಚು ಹಿಡಿಯಿತೇ?" ಎಂದು ನಗಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ನಗಿ.

ಏಳನೇ ತರಗತಿಗೆ ಅನುಪಾತದ ಪಾಠ ನಡೆಯುತ್ತಿತ್ತು. ಹಿಂದೂಪುರದ ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಆ ತರಗತಿಗೆ ಇರುವುದೇ ಹನ್ನೊಂದು ಮಕ್ಕಳು. ಪುಸ್ತಕದ ಲೆಕ್ಕ ಬಿಟ್ಟು ಏನಾದರೂ ಕೈಯಲ್ಲಿ ಹಿಡಿದು ಅಳೆಯೋಣ ಅಂತ, "ದೊಡ್ಡದನ್ನು ಚಿಕ್ಕದಾಗಿ ಮಾಡಿದ ವಸ್ತು ಮನೆಯಲ್ಲಿದ್ದರೆ ತನ್ನಿ" ಎಂದಿದ್ದೆ. ಒಬ್ಬಳು ಆಟದ ಟ್ರ್ಯಾಕ್ಟರ್ ತಂದಳು. ಒಬ್ಬ ಲೇಪಾಕ್ಷಿಯಿಂದ ತಂದ ಪುಟ್ಟ ಬಸವ ತಂದ. ಇನ್ನೊಬ್ಬ ಹುಡುಗ ಪೆಟ್ಟಿಗೆ ಸಮೇತ ಬ್ಯಾಟ್‌ಮ್ಯಾನ್ ತಂದ. ಅವರ ಅಪ್ಪ ರೇಷ್ಮೆ ಬೆಳೆಯುವವರು. ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ಅವತ್ತು ಒಳ್ಳೆಯ ರೇಟು ಸಿಕ್ಕಿತಂತೆ. ವಾಪಸ್ಸು ಬರುವಾಗ ಬಜಾರಿನಲ್ಲಿ ಮಗನಿಗೆ ಅಂತ ತಂದಿದ್ದರು. ಹುಡುಗ ಪೆಟ್ಟಿಗೆಯನ್ನೂ ಬಿಸಾಡದೆ ಜೋಪಾನವಾಗಿ ಇಟ್ಟುಕೊಂಡಿದ್ದ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ 'ಸ್ಕೇಲ್ 1:6' ಎಂದು ಅಚ್ಚಾಗಿತ್ತು. ನನಗೆ ಖುಷಿಯೋ ಖುಷಿ! ಪಾಠವೇ ನಡೆದುಕೊಂಡು ಬಂದಂತಾಯಿತು. "ನೋಡ್ರೋ, ಇದರರ್ಥ ನಿಜವಾದ ಮನುಷ್ಯನ ಎತ್ತರದಲ್ಲಿ ಆರನೇ ಒಂದು ಭಾಗ. ಒಂದಡಿಗೆ ಎರಡಂಗುಲ. ಆರಡಿ ಮನುಷ್ಯ ಹನ್ನೆರಡು ಅಂಗುಲ ಆಗಬೇಕು. ಅಳೀರಿ" ಅಂದೆ. ಸ್ಕೇಲಿಟ್ಟು ಅಳೆದರು. ಹದಿನೈದು ಸೆಂಟಿಮೀಟರ್. ಆರರಿಂದ ಗುಣಿಸಿದರೆ ತೊಂಬತ್ತು ಸೆಂಟಿಮೀಟರ್. ಅಂದರೆ ಮೂರಡಿಗಿಂತ ಕಡಿಮೆ! ತಲೆ ಅಳೆದರು, ಮೂರು ಸೆಂಟಿಮೀಟರ್. ಅಂದರೆ ಮೈಯೆಲ್ಲ ಸೇರಿ ಐದು ತಲೆ ಎತ್ತರ. ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆಯಷ್ಟಿರುತ್ತದೆ. ಐದು ತಲೆಯ ಪ್ರಮಾಣ ಇರುವುದು ಎರಡು-ಮೂರು ವರ್ಷದ ಮಗುವಿಗೆ. ಎರಡು ಲೆಕ್ಕವೂ ಒಂದೇ ಕಡೆ ಬಂದು ನಿಂತವು.

ಬಾಯಿ ಸುಮ್ಮನಿರಲಿಲ್ಲ. "ನಿನ್ನ ಬ್ಯಾಟ್‌ಮ್ಯಾನ್ ಇನ್ನೂ ಅಂಗನವಾಡಿಗೆ ಹೋಗಬೇಕಾದವನು ಕಣೋ" ಅಂದುಬಿಟ್ಟೆ. ತರಗತಿಯೆಲ್ಲ ಗೊಳ್ಳೆಂದಿತು. ಹುಡುಗನೂ ನಕ್ಕ. ಆದರೆ ಗೊಂಬೆಯನ್ನು ಪೆಟ್ಟಿಗೆಗೆ ಹಾಕಿ ಚೀಲದ ತಳಕ್ಕೆ ತಳ್ಳಿದ. ಮಾರನೆಯ ದಿನ ಕೇಳಿದರೆ, "ಮನೇಲಿ ಇಟ್ಟಿದೀನಿ ಸಾರ್" ಅಂದ, ಅಷ್ಟೇ.

ಮೂರನೇ ದಿನ ಅವರಪ್ಪ ಶಾಲೆಯ ಹತ್ತಿರ ಸಿಕ್ಕರು. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಸಾರ್, ಆ ಗೊಂಬೇಲಿ ನಾನು ಮೋಸ ಹೋದ್ನಾ?"

ನನ್ನ ಬಳಿ ಉತ್ತರ ಇರಲಿಲ್ಲ. ಲೆಕ್ಕ ಸರಿಯಾಗಿತ್ತು. ಆದರೆ ಪಾಠ ಎಲ್ಲೋ ತಪ್ಪಿತ್ತು.

ಈ ವಿಷಯದಲ್ಲಿ ನನ್ನ ಗುರು ನನ್ನದೇ ಒಬ್ಬ ಹಳೆಯ ಶಿಷ್ಯ. ನಾನು ಹಿಂದೆ ಕಲ್ಯಾಣದುರ್ಗದ ಕಡೆ ಕೆಲಸ ಮಾಡುವಾಗ ನನ್ನ ಹತ್ತಿರ ಓದಿದವನು, ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಸಿನಿಮಾ ಹೀರೋಗಳ ಗೊಂಬೆ ಸಂಗ್ರಹಿಸುವುದು ಅವನ ಹವ್ಯಾಸ. ಬಾಡಿಗೆ ಮನೆಯಲ್ಲಿ ಜಾಗವಿಲ್ಲ ಅಂತ ಹೆಚ್ಚಿನವನ್ನು ಊರಿನ ಮನೆಯಲ್ಲೇ ಗಾಜಿನ ಬೀರುವಿನಲ್ಲಿಟ್ಟಿದ್ದಾನೆ. ಫೋನ್ ಮಾಡಿ ಕೇಳಿದೆ. ಅವನು ಒಂದು ಗಂಟೆ ಪಾಠ ಮಾಡಿದ! ಕಡೆಗೆ, "ಯುಗಾದಿಗೆ ಊರಿಗೆ ಬರ್ತೀನಿ ಸಾರ್. ಆ ಹುಡುಗನ್ನ ಕರ್ಕೊಂಡು ಬನ್ನಿ" ಅಂದ.

ಅವನಿಂದ ಕಲಿತದ್ದನ್ನು ಮೊದಲು ಹೇಳಿಬಿಡುತ್ತೇನೆ.

ಅಮೆರಿಕದ ಹ್ಯಾಸ್‌ಬ್ರೋ ಕಂಪನಿ 1964ರಲ್ಲಿ ಜಿ.ಐ. ಜೋ ಎಂಬ ಹನ್ನೆರಡು ಅಂಗುಲದ ಸೈನಿಕನ ಗೊಂಬೆ ತಂದಿತು. ಗಂಡು ಹುಡುಗರು 'ಗೊಂಬೆ' ಎಂದರೆ ಕೊಳ್ಳಲಿಕ್ಕಿಲ್ಲ ಎಂಬ ಹೆದರಿಕೆಯಿಂದ ಅದಕ್ಕೆ 'ಆಕ್ಷನ್ ಫಿಗರ್' ಎಂಬ ಹೊಸ ಹೆಸರಿಟ್ಟರು. ನಮ್ಮಲ್ಲಿ ಆ ನಾಚಿಕೆ ಎಂದೂ ಇರಲಿಲ್ಲ ನೋಡಿ. ತೊಗಲಿನ ರಾಮನೂ ಗೊಂಬೆಯೇ, ದಸರೆಯ ಪಟ್ಟದ ರಾಜನೂ ಗೊಂಬೆಯೇ! ಆಮೇಲೆ 1980ರ ದಶಕದಲ್ಲಿ ಅದೇ ಜಿ.ಐ. ಜೋ ಮೂರೂಮುಕ್ಕಾಲು ಅಂಗುಲಕ್ಕೆ ಇಳಿಯಿತು. ನಮ್ಮ ದೇಶದಲ್ಲಿ 1987ರಲ್ಲಿ ಶುರುವಾದ ಫನ್‌ಸ್ಕೂಲ್ ಕಂಪನಿ ಅದನ್ನೇ ಇಲ್ಲಿ ತಯಾರಿಸಿ ಮಾರಿತು. ಅಚ್ಚು ಅಲ್ಲಿಯದು, ಬಣ್ಣ ಇಲ್ಲಿಯದು. ಆ ವಿಚಿತ್ರ ಬಣ್ಣಗಳಿಗಾಗಿಯೇ ಇವತ್ತು ಹೊರದೇಶದ ಸಂಗ್ರಹಕಾರರು ನಮ್ಮ ಹಳೆಯ ಫನ್‌ಸ್ಕೂಲ್ ಗೊಂಬೆಗಳನ್ನು ಹುಡುಕುತ್ತಾರಂತೆ. ಒಂದೇ ಅಚ್ಚಿನಿಂದ ಎರಡನೇ ಸಲ ಬಂದದ್ದಕ್ಕೂ ಅದರದೇ ಆದ ಬೆಲೆ ಬರಬಹುದು, ಇದು ನೆನಪಿರಲಿ.

ಈಗ ದೊಡ್ಡವರು ಸಂಗ್ರಹಿಸುವ ದುಬಾರಿ ಸಿನಿಮಾ ಗೊಂಬೆಗಳಲ್ಲಿ 1:6 ಬಹಳ ನಡೆಯುವ ಅಳತೆ. ಹಾಂಗ್‌ಕಾಂಗ್‌ನಲ್ಲಿ 2000ದಲ್ಲಿ ಶುರುವಾದ ಹಾಟ್ ಟಾಯ್ಸ್ ಕಂಪನಿ ಇದರಲ್ಲಿ ಹೆಸರುವಾಸಿ. ಗೊಂಬೆಯ ಮುಖ ಆ ನಟನದೇ ಮುಖ, ಬಟ್ಟೆ ನಿಜವಾದ ಹೊಲಿಗೆಯ ಬಟ್ಟೆ, ಮೈಯಲ್ಲಿ ಮೂವತ್ತರ ಆಚೀಚೆ ಕೀಲುಗಳು. ಇದಕ್ಕಿಂತ ಚಿಕ್ಕ ಅಳತೆ 1:12, ಅಂದರೆ ಆರಂಗುಲದ ಗೊಂಬೆ. ಮಕ್ಕಳಿಗೂ ದೊಡ್ಡವರಿಗೂ ಸಲ್ಲುತ್ತದೆ.

ಅಳತೆ ಎಂದರೆ ಎತ್ತರ ಮಾತ್ರವಲ್ಲ ಎಂಬುದು ಅವನು ಹೇಳಿದ ಮುಖ್ಯ ಮಾತು. ಒಂದೇ ಬೀರುವಿನಲ್ಲಿ ನಿಂತವರು ಒಬ್ಬರಿಗೊಬ್ಬರು ಹೊಂದಬೇಕು. ಆರಡಿಯ ನಾಯಕ ಹನ್ನೆರಡು ಅಂಗುಲ ಇದ್ದರೆ, ಎಂಟಡಿಯ ಹಲ್ಕ್ ಹದಿನಾರು ಅಂಗುಲ ಇರಲೇಬೇಕು. ಪೆಟ್ಟಿಗೆ ಉಳಿಸಲು ಅವನನ್ನೂ ಹನ್ನೆರಡಕ್ಕೆ ಇಳಿಸಿದರೆ ಅವನು ಹಸಿರು ಬಣ್ಣ ಬಳಿದುಕೊಂಡ ಸಾಮಾನ್ಯ ಮನುಷ್ಯ. ಐರನ್ ಮ್ಯಾನ್‌ನದು ಇನ್ನೊಂದು ತೊಡಕು. ಕವಚ ತೊಟ್ಟಾಗ ಎತ್ತರವಾಗುತ್ತಾನೆ, ಆದರೆ ಒಳಗಿನ ತಲೆ ಬೆಳೆಯುವುದಿಲ್ಲ. ಶಿರಸ್ತ್ರಾಣ ತೆಗೆದ ಗೊಂಬೆಯ ತಲೆಯೂ, ಕವಚವಿಲ್ಲದೆ ಕೋಟು ತೊಟ್ಟ ಗೊಂಬೆಯ ತಲೆಯೂ ಒಂದೇ ಗಾತ್ರ ಇರಬೇಕು. ಸಂಗ್ರಹಕಾರರು ಮೊದಲು ನೋಡುವುದೇ ಇದನ್ನಂತೆ.

ಇನ್ನು ಕೆಲವು ವಿಷಯಗಳು ಅಳತೆಗೆ ಬಗ್ಗುವುದೇ ಇಲ್ಲ. ಎತ್ತರ, ಅಗಲ, ದಪ್ಪ ಮೂರೂ ಆರನೇ ಒಂದಾದರೆ ತೂಕ 216ನೇ ಒಂದಾಗುತ್ತದೆ. 72 ಕಿಲೋ ಮನುಷ್ಯ ಸುಮಾರು 333 ಗ್ರಾಂ! ಬಟ್ಟೆಯ ನೂಲನ್ನು ಆರನೇ ಒಂದಕ್ಕೆ ಇಳಿಸಲು ಆಗುವುದಿಲ್ಲ. ಹಾಗಾಗಿ ಬ್ಯಾಟ್‌ಮ್ಯಾನ್‌ನ ಮೇಲುಹೊದಿಕೆ ಸಿನಿಮಾದಲ್ಲಿ ಇಳಿಬಿದ್ದಂತೆ ಗೊಂಬೆಯ ಮೇಲೆ ಇಳಿಬೀಳದೆ, ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ಅದಕ್ಕೇ ತೆಳು ಬಟ್ಟೆ ಹುಡುಕುತ್ತಾರೆ, ಅಂಚಿನೊಳಗೆ ತಂತಿ ಸೇರಿಸುತ್ತಾರೆ.

ಇಲ್ಲಿಂದಲೇ 'ಮರುಬಿಡುಗಡೆ'ಯ ಕಥೆ ಶುರು. 2008ರ 'ದಿ ಡಾರ್ಕ್ ನೈಟ್' ಚಿತ್ರದ ಜೋಕರ್ ಅನ್ನೇ ತೆಗೆದುಕೊಳ್ಳಿ. ಹಾಟ್ ಟಾಯ್ಸ್‌ನವರು ಒಮ್ಮೆ ಮಾಡಿದರು. ಆಮೇಲೆ ಕಣ್ಣುಗುಡ್ಡೆಗಳನ್ನು ಹೊರಳಿಸಬಹುದಾದ ಡಿಎಕ್ಸ್ ಸರಣಿಯಲ್ಲಿ ಮಾಡಿದರು. ಅದಾದ ಮೇಲೆ ಇನ್ನೂ ಚೆನ್ನಾದ ಮುಖದೊಂದಿಗೆ '2.0' ಎಂದು ಮತ್ತೆ ತಂದರು. ಅದೇ 2008ರ 'ಐರನ್ ಮ್ಯಾನ್' ಚಿತ್ರದ ಮೂರನೇ ಕವಚ ಮೊದಲು ಪ್ಲಾಸ್ಟಿಕ್ಕಿನದು ಬಂತು, ವರ್ಷಗಳ ನಂತರ ಲೋಹ ಬೆರೆಸಿ ಮತ್ತೆ ಬಂತು. ಹೊಸದು ಬಂದ ಕೂಡಲೇ ಹಳೆಯದರ ಬೆಲೆ ಇಳಿಯುವುದುಂಟು. ತಿಂಗಳ ಸಂಬಳ ಹಾಕಿ ಕೊಂಡವನ ಹೊಟ್ಟೆ ಉರಿಯದೇ ಇರುತ್ತದೆಯೇ?

ಯುಗಾದಿ ಮುಗಿದ ಮಾರನೆಯ ದಿನ ಹುಡುಗ, ಅವರಪ್ಪ, ನಾನು ಮೂವರೂ ಹೊರಟೆವು. ಕಲ್ಯಾಣದುರ್ಗಕ್ಕೆ ನೇರ ಹೋಗದೆ ಸ್ವಲ್ಪ ಸುತ್ತಾದರೂ ಪರವಾಗಿಲ್ಲ ಅಂತ ಧರ್ಮವರದ ಮೇಲೆ ಹೋದೆವು. ಕಾರಣ ಇತ್ತು. ಧರ್ಮವರದ ಹತ್ತಿರವೇ ನಿಮ್ಮಲಕುಂಟ ಇದೆ. ತೊಗಲುಗೊಂಬೆ ಮಾಡುವವರ ಊರು. ಅಲ್ಲಿಯ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆ ನೆನಪಿರಬಹುದು. ಇವರ ಮನೆಮಾತು ಮರಾಠಿ ಮೂಲದ್ದು, ಆಟ ಆಡುವುದು ತೆಲುಗಿನಲ್ಲಿ. ನಮ್ಮ ಕರ್ನಾಟಕದ ಶಿಳ್ಳೇಕ್ಯಾತರದೂ ಹೀಗೇ, ಮನೆಯಲ್ಲಿ ಒಂದು ಮಾತು, ಪರದೆಯ ಹಿಂದೆ ಕನ್ನಡ. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡುವ ನಮ್ಮ ಗಡಿನಾಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ಒಂದು ಮನೆಯಲ್ಲಿ ಹಿರಿಯರೊಬ್ಬರು ಗೊಂಬೆ ಬಿಚ್ಚಿ ತೋರಿಸಿದರು. ಮೇಕೆಯ ಚರ್ಮವನ್ನು ಹದ ಮಾಡಿ, ಬೆಳಕು ತೂರುವಷ್ಟು ತೆಳ್ಳಗೆ ಕೆರೆದು, ಗೆರೆ ಹಾಕಿ, ಆಭರಣಗಳ ಜಾಗದಲ್ಲಿ ಸಣ್ಣ ಉಳಿಯಿಂದ ತೂತು ಹೊಡೆದು, ಎರಡೂ ಕಡೆ ಬಣ್ಣ ತುಂಬುತ್ತಾರೆ. ಭುಜ, ಮೊಣಕೈ, ಮೊಣಕಾಲು ಬೇರೆ ಬೇರೆ ತುಂಡು. ದಾರದಿಂದ ಕೀಲು ಕಟ್ಟಿರುತ್ತಾರೆ. ರಾಮನ ಗೊಂಬೆಯನ್ನು ಎತ್ತಿ ನಿಲ್ಲಿಸಿದರು ನೋಡಿ, ನಮ್ಮ ಹುಡುಗನಿಗಿಂತ ಎತ್ತರ! ಈ ಕಡೆಯ ದೊಡ್ಡ ಗೊಂಬೆಗಳು ಆಳೆತ್ತರಕ್ಕೆ ಹತ್ತಿರ ಬರುತ್ತವೆ. ರಾವಣನಿಗಂತೂ ಒಂದು ಚರ್ಮ ಸಾಲದು.

ಹುಡುಗ ಸುಮ್ಮನಿರಲಿಲ್ಲ. ಜೇಬಿನಿಂದ ಸ್ಕೇಲು ತೆಗೆದ. ತಲೆ ಅಳೆದ, ಕಣ್ಣು ಅಳೆದ. "ಸಾರ್, ಕಣ್ಣು ತುಂಬಾ ದೊಡ್ಡದು. ಆಳು ನೋಡಿ, ರಾಮನ ಸೊಂಟಕ್ಕೂ ಬರಲ್ಲ. ಸ್ಕೇಲೇ ತಪ್ಪು!" ಅಂದ. ನಾನು ಕಲಿಸಿದ ಪಾಠವೇ ತಿರುಗಿ ಬಂದಿತ್ತು.

ಆ ಹಿರಿಯರಿಗೆ ಕನ್ನಡ ಅರ್ಥವಾಯಿತು. ನಕ್ಕರು. ತೆಲುಗಿನಲ್ಲಿ ಅವರು ಹೇಳಿದ್ದರ ಸಾರಾಂಶ ಇಷ್ಟು: ಗೊಂಬೆ ನೋಡುವವನು ಎದುರಿಗೆ ಕೂತಿಲ್ಲ, ಬಯಲಿನ ಕೊನೆಯಲ್ಲಿ ಕೂತಿದ್ದಾನೆ. ದೀಪದ ಬೆಳಕಿನಲ್ಲಿ ಅವನಿಗೆ ಕಣ್ಣು ಕಾಣಬೇಕು. ಯಾರು ದೊಡ್ಡವರು, ಯಾರು ಆಳು ಅಂತ ಮಾತು ಶುರುವಾಗುವ ಮೊದಲೇ ತಿಳಿಯಬೇಕು.

ಅಂದರೆ ಅಳತೆ ಇಲ್ಲ ಎಂದಲ್ಲ. ಅಳತೆಯ ನಿಯಮ ಬೇರೆ. ಕರ್ನಾಟಕದ ತೊಗಲುಗೊಂಬೆಯಾಟದಲ್ಲೂ ದೇವರು, ರಾಜರು ದೊಡ್ಡ ಗಾತ್ರ, ಸೇವಕರು, ಸಾಮಾನ್ಯರು ಚಿಕ್ಕ ಗಾತ್ರ. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರದು ಇದೇ ಪರಂಪರೆ. ಈ ನಿಯಮ ನೋಡುವವನಿಗೂ ಗೊತ್ತು, ಮಾಡುವವನಿಗೂ ಗೊತ್ತು. ಇಬ್ಬರಿಗೂ ಗೊತ್ತಿರುವ ನಿಯಮದಲ್ಲಿ ಮೋಸ ಎಲ್ಲಿದೆ? ಇನ್ನು ಸುಂದರಕಾಂಡದ ಹನುಮನನ್ನು ಯಾವ ಸ್ಕೇಲಿಗೆ ಹಾಕುತ್ತೀರಿ? ಲಂಕೆ ಹೊಕ್ಕಾಗ ಚಿಕ್ಕವನು, ಸೀತೆಯ ಎದುರು ಬೆಳೆದಾಗ ಬೆಟ್ಟದಷ್ಟು. ಕಥೆಯೇ ಅವನ ಎತ್ತರ ಬದಲಿಸುತ್ತದೆ.

ನಮ್ಮ ಶಿಲ್ಪಶಾಸ್ತ್ರದಲ್ಲೂ ಲೆಕ್ಕ ಇದೆ. ತಾಳಮಾನ ಎನ್ನುತ್ತಾರೆ. ಮುಖದ ಉದ್ದ ಒಂದು ತಾಳ, ಅದರಲ್ಲಿ ಹನ್ನೆರಡು ಅಂಗುಲ. ಹರಿ, ಹರ, ಬ್ರಹ್ಮರಂಥವರಿಗೆ ದಶತಾಳ, ಅಂದರೆ ಮುಖದ ಹತ್ತರಷ್ಟು ಎತ್ತರ. ಮನುಷ್ಯರಿಗೆ ಅಷ್ಟತಾಳ. ಗಣಪತಿಗೆ ಪಂಚತಾಳ. ಪುಸ್ತಕದಲ್ಲಿ ಓದಿದ್ದ ಇದು ಆ ಮನೆಯ ಜಗಲಿಯಲ್ಲಿ ಕೂತಾಗ ತಟ್ಟನೆ ನೆನಪಾಯಿತು. ಹುಡುಗನಿಗೆ ಹೇಳಿದೆ: "ನಿನ್ನ ಬ್ಯಾಟ್‌ಮ್ಯಾನ್ ಐದು ತಲೆ ಎತ್ತರ ಅಂತ ನಾನು ನಕ್ಕೆ ಅಲ್ವಾ? ತಲೆಗೂ ಮುಖಕ್ಕೂ ಸ್ವಲ್ಪ ವ್ಯತ್ಯಾಸ ಇದೆ, ಇರಲಿ. ನಮ್ಮ ಲೆಕ್ಕದಲ್ಲಿ ಅವನು ಹತ್ತಿರ ಹತ್ತಿರ ಪಂಚತಾಳ. ಗಣಪತಿಯ ಪ್ರಮಾಣ." ಹುಡುಗ ಏನೂ ಅನ್ನಲಿಲ್ಲ. ಅವರಪ್ಪನ ಮುಖ ನೋಡಿದ. ಅವರಪ್ಪ ನನ್ನ ಮುಖ ನೋಡಿದರು.

ಮೂಲೆಯಲ್ಲಿ ಒಂದು ಹಳೆಯ ಗೊಂಬೆ ಇತ್ತು, ಅಂಚು ಹರಿದದ್ದು. ಅದನ್ನು ಪಕ್ಕದಲ್ಲಿಟ್ಟುಕೊಂಡು ಹೊಸ ಚರ್ಮದ ಮೇಲೆ ಗೆರೆ ಎಳೆಯುತ್ತಿದ್ದರು. ಇದೂ ಮರುಬಿಡುಗಡೆಯೇ ಅಲ್ಲವೇ! ಸಡಿಲವಾಗುತ್ತಿದ್ದ ಮೊಣಕೈ ಕೀಲಿನ ಜಾಗವನ್ನು ಹೊಸದರಲ್ಲಿ ಸ್ವಲ್ಪ ಅಗಲ ಬಿಟ್ಟಿದ್ದರು. ಏನು ಬದಲಾಯಿತು, ಏಕೆ ಬದಲಾಯಿತು ಎಂದು ಕೇಳಿದ ಕೂಡಲೇ ಬೆರಳಿಟ್ಟು ತೋರಿಸಿದರು.

ಅದೇ ಜಗಲಿಯ ಇನ್ನೊಂದು ಕಡೆ ದೀಪದ ಬುರುಡೆಗಳಿಗೆ ಹಾಕುವ ತೊಗಲಿನ ಹೊದಿಕೆಗಳು, ಗೋಡೆಗೆ ತೂಗುಹಾಕುವ ಚಿಕ್ಕ ಚಿತ್ರಗಳು ರಾಶಿ ಬಿದ್ದಿದ್ದವು. ಈಗ ಹೆಚ್ಚಿಗೆ ಮಾರಾಟವಾಗುವುದು ಅವೇ. ಅದೇ ರಾಮ, ಅದೇ ಹನುಮ, ಒಂದಡಿ ಎತ್ತರಕ್ಕೆ ಇಳಿದಿದ್ದಾರೆ. ಆದರೆ ಕೀಲಿಲ್ಲ. ಕೈ ಎತ್ತಲಾರದ ಹನುಮ. ಅವರನ್ನು ದೂರುವ ಹಕ್ಕು ನನಗಿಲ್ಲ. ರಾತ್ರಿಯಿಡೀ ಆಟ ಆಡಿಸುತ್ತಿದ್ದ ಊರುಗಳು ಈಗ ಕರೆಯುವುದಿಲ್ಲ, ಹೊಟ್ಟೆ ಹೊರೆಯಬೇಕಲ್ಲ? ದೀಪದ ಹೊದಿಕೆಯೇ ಕಲೆಯನ್ನು ಉಳಿಸಿದೆ ಎಂದರೂ ತಪ್ಪಲ್ಲ. ಆದರೂ ಮನಸ್ಸು ಚುರುಕ್ ಎಂದಿತು.

ಸಂಜೆ ಕಲ್ಯಾಣದುರ್ಗ ಮುಟ್ಟಿದೆವು. ಶಿಷ್ಯನ ಗಾಜಿನ ಬೀರು ನೋಡಿ ಹುಡುಗನ ಕಣ್ಣು ಅರಳಿತು. ಶಿಷ್ಯ ಒಂದು ಬ್ಯಾಟ್‌ಮ್ಯಾನ್ ತೆಗೆದು ಅವನ ಕೈಗೇ ಕೊಟ್ಟ. ಅಳೆದ. ಮೂವತ್ತು ಸೆಂಟಿಮೀಟರಿಗೆ ಸ್ವಲ್ಪ ಮೇಲೆ. ಆರರಿಂದ ಗುಣಿಸಿದರೆ ಆರಡಿ ಚಿಲ್ಲರೆ. ತಲೆ ಸುಮಾರು ನಾಲ್ಕು ಸೆಂಟಿಮೀಟರ್. "ಸರಿಯಾಗಿದೆ ಸಾರ್!" ಅಂತ ಕೂಗಿದ. ಅವನಿಗೆ ಗೊಂಬೆ ಸಿಕ್ಕಿದ್ದಕ್ಕಿಂತ ಲೆಕ್ಕ ಸರಿಬಂದದ್ದು ಹೆಚ್ಚು ಖುಷಿ ಕೊಟ್ಟಂತೆ ಕಂಡಿತು.

ಆದರೆ ಕೆಳಗಿನ ಅರೆಯಲ್ಲಿ ಒಂದು ಗೊಂಬೆ ಇತ್ತು. ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಮೇಲಂಗಿ ಕೃತಕ ಚರ್ಮದ್ದು. ಕೊಂಡು ಏಳೆಂಟು ವರ್ಷವಾಗಿದೆ. ಪದರ ಪದರವಾಗಿ ಬಿರುಕು ಬಿಟ್ಟು ಉದುರುತ್ತಿತ್ತು. ನಮ್ಮ ಅನಂತಪುರದ ಬಿಸಿಲು ಗೊತ್ತಲ್ಲ! "ಇದರ ಹೊಸ ಆವೃತ್ತಿ ಬಂದಿದೆ ಸಾರ್. ಮುಖ ಇನ್ನೂ ಚೆನ್ನಾಗಿದೆ, ಬಟ್ಟೆ ಬೇರೆ. ಇವೆಲ್ಲ ಅರ್ಧ ರೇಟಿಗೆ ಮಾರಿ ಅದನ್ನ ತಗೊಳ್ಳಲಾ?" ಎಂದು ಕೇಳಿದ. ರೇಷ್ಮೆಯ ಅಪ್ಪ ಮೆಲ್ಲಗೆ ಬೆಲೆ ಕೇಳಿದರು. ಶಿಷ್ಯ ನಾಚಿಕೊಂಡೇ ಹೇಳಿದ. ಅವರು ಏನೂ ಮಾತಾಡಲಿಲ್ಲ. ಆ ಉದುರುತ್ತಿದ್ದ ಅಂಗಿಯನ್ನು ಬೆರಳ ತುದಿಯಿಂದ ಮುಟ್ಟಿ, "ಬೆಳಗ್ಗೆ ನೋಡಿದ ಮೇಕೆ ಚರ್ಮ ಎಷ್ಟು ವರ್ಷದ್ದಂತೆ ಸಾರ್?" ಎಂದು ನನ್ನ ಕೇಳಿದರು. ಅಪ್ಪನ ಕಾಲದ್ದು ಎಂದಿದ್ದರು ಆ ಹಿರಿಯರು.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಒಪ್ಪಬೇಕೆಂದೇನೂ ಇಲ್ಲ.

ಅಳತೆ ಎಂಬುದು ಒಂದು ಮಾತು ಕೊಟ್ಟಂತೆ. ಪೆಟ್ಟಿಗೆಯ ಮೇಲೆ 1:6 ಎಂದು ಅಚ್ಚು ಹಾಕಿದವನು ಕೊಳ್ಳುವವನಿಗೆ ಮಾತು ಕೊಟ್ಟಿದ್ದಾನೆ. ಅದನ್ನು ಸ್ಕೇಲಿಟ್ಟು ಪರೀಕ್ಷಿಸುವ ಹಕ್ಕು ಏಳನೇ ತರಗತಿಯ ಹುಡುಗನಿಗೂ ಇದೆ. ಹುಡುಗನ ಬ್ಯಾಟ್‌ಮ್ಯಾನ್‌ನ ದೊಡ್ಡ ತಲೆ ತಪ್ಪಲ್ಲ. ಮಗುವಿಗೆ ಮುಖ ಕಾಣಲಿ ಎಂದು ಹಾಗೆ ಮಾಡಿದ್ದರೆ ಅದೂ ಒಂದು ನಿಯಮವೇ. ತಪ್ಪು ಇರುವುದು ಪೆಟ್ಟಿಗೆಯ ಮೇಲಿನ ಸುಳ್ಳು ಅಂಕಿಯಲ್ಲಿ. ನಾನು ನಗಬೇಕಿದ್ದದ್ದು ಪೆಟ್ಟಿಗೆಯನ್ನು ನೋಡಿ. ನಕ್ಕದ್ದು ಗೊಂಬೆಯನ್ನು ನೋಡಿ. ಅಪ್ಪ ಪ್ರೀತಿಯಿಂದ ತಂದ ವಸ್ತುವನ್ನು ಮಗ ಚೀಲದ ತಳಕ್ಕೆ ತಳ್ಳುವಂತೆ ಮಾಡಿದ್ದು ನನ್ನ ತಪ್ಪು.

ಮರುಬಿಡುಗಡೆಯೂ ತಪ್ಪಲ್ಲ. ಅಚ್ಚು ಸವೆಯುತ್ತದೆ, ಮುಖ ಕೆತ್ತುವ ವಿಧಾನ ಸುಧಾರಿಸುತ್ತದೆ, ಹಳೆಯದು ಸಿಗದೆ ದಲ್ಲಾಳಿಗಳ ಕೈಯಲ್ಲಿ ಬೆಲೆ ಏರಿ ಕೂತಿರುವಾಗ ಹೊಸದು ಬಂದರೆ ಸಾಮಾನ್ಯನಿಗೂ ಸಿಗುತ್ತದೆ. ಆದರೆ ಮತ್ತೆ ತರುವವನು ಆ ನಿಮ್ಮಲಕುಂಟದ ಹಿರಿಯರಂತೆ ಬೆರಳಿಟ್ಟು ತೋರಿಸಬೇಕು, ಇದು ಬದಲಾಗಿದೆ, ಇದಕ್ಕಾಗಿ ಬದಲಾಗಿದೆ ಎಂದು. ಕೀಲು ಗಟ್ಟಿಯಾಯಿತೇ? ಬಿರುಕು ಬಿಡದ ಬಟ್ಟೆ ಬಂತೇ? ತಲೆಯ ಅಳತೆ ಸರಿಯಾಯಿತೇ? ಹಾಗಾದರೆ ಅದು ಸುಧಾರಣೆ. ಪೆಟ್ಟಿಗೆಯ ಬಣ್ಣ ಬದಲಿಸಿ, ಕೈಗೊಂದು ಆಯುಧ ಹೆಚ್ಚಿಗೆ ಕೊಟ್ಟು '2.0' ಎಂದರೆ ಅದು ಹಳೆಯ ಗಿರಾಕಿಯ ಜೇಬಿಗೆ ಎರಡನೇ ಸಲ ಕೈ ಹಾಕಿದಂತೆ. ಹೊಸ ರಟ್ಟು ಹಾಕಿ ಹಳೆಯ ತಪ್ಪುಗಳನ್ನೇ ಅಚ್ಚು ಹಾಕಿದ ಗೈಡು ಪುಸ್ತಕಗಳನ್ನು ನಾವು ಮೇಷ್ಟ್ರುಗಳು ಕಂಡಿಲ್ಲವೇ?

ಶಿಷ್ಯನಿಗೆ ನಾನು ಹೇಳಿದ್ದು ಇಷ್ಟೇ: "ಹೊಸದು ಬೇಕಾದರೆ ತಗೋ, ನಿನ್ನ ದುಡ್ಡು. ಆದರೆ ಹಳೆಯದು ಕೆಟ್ಟದ್ದು ಅಂತ ಬೇರೆಯವರು ಹೇಳಿದ್ದಕ್ಕೆ ಮಾರಬೇಡ. ನಿನಗೇ ಕೊರತೆ ಕಂಡಿದ್ದರೆ ಮಾತ್ರ ಮಾರು. ಮೊದಲು ಆ ಹರಿದ ಅಂಗಿಗೆ ನಮ್ಮೂರ ದರ್ಜಿ ಹತ್ತಿರ ಹೊಸ ಅಂಗಿ ಹೊಲಿಸಿ ನೋಡು." ಅವನು ನಕ್ಕ. ಹೊಲಿಸಿದನಂತೆ! ಹೊಲಿಗೆ ಸ್ವಲ್ಪ ದಪ್ಪ ಬಂದಿದೆ, ಅಳತೆಗೆ ಬಗ್ಗಿಲ್ಲ. ಆದರೂ ಅದೇ ಈಗ ಅವನ ಬೀರುವಿನ ಮೇಲಿನ ಅರೆಯಲ್ಲಿದೆ.

ಪೋಷಕರಿಗೆ ಎರಡು ಮಾತು. ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಸ್ಕೇಲು ನೋಡುವ ಮೊದಲು ಅದನ್ನು ನೋಡಿ. ಸಂಗ್ರಹಕಾರರ ದುಬಾರಿ ಗೊಂಬೆಗಳ ಮೇಲೆ ವಯಸ್ಸು ಬರೆದಿರುತ್ತದೆ, ಅವು ಚಿಕ್ಕ ಮಕ್ಕಳ ಆಟಕ್ಕಲ್ಲ. ಹೊರದೇಶದ ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹಾಗಾಗಿ ಬಜಾರಿನಲ್ಲಿ 'ಒರಿಜಿನಲ್, ಫಾರಿನ್' ಎಂದು ಅಗ್ಗಕ್ಕೆ ಕೊಟ್ಟರೆ ಒಮ್ಮೆ ಯೋಚಿಸಿ. ಇಷ್ಟಾದರೂ ಮಗುವಿಗೆ ಅದೇ ಇಷ್ಟವಾದರೆ ಕೊಡಿಸಿ. ಅದು ಗೊಂಬೆಯ ಬೆಲೆ ಅಂದುಕೊಳ್ಳಿ, ಅಂಕಿಯ ಬೆಲೆ ಅಂದುಕೊಳ್ಳಬೇಡಿ.

ಗಡಿನಾಡಿನ ನನ್ನ ಸಹೋದ್ಯೋಗಿಗಳೇ, ನಿಮಗೊಂದು ಕೋರಿಕೆ. ಲೇಪಾಕ್ಷಿಯ ಬಸವ 27 ಅಡಿ ಉದ್ದ, 15 ಅಡಿ ಎತ್ತರ. ನಮ್ಮೂರ ಎತ್ತು ಮಲಗಿದಾಗ ಎಷ್ಟು ಎತ್ತರ ಎಂದು ಮಕ್ಕಳೇ ಅಳೆದುಕೊಂಡು ಬರಲಿ, ಅಲ್ಲಿಂದ ಅನುಪಾತ ಶುರುಮಾಡಿ. ಒಂದು ಸಲ ನಿಮ್ಮಲಕುಂಟಕ್ಕೆ ಕರೆದುಕೊಂಡು ಹೋಗಿ. ಸಾಧ್ಯವಾದರೆ ಶಾಲೆಗೆ ಒಂದು ಗೊಂಬೆ ಕೊಳ್ಳಿ. ದೀಪದ ಹೊದಿಕೆಯಲ್ಲ, ಕೀಲಿರುವ ಗೊಂಬೆ, ಕೈ ಎತ್ತುವ ಗೊಂಬೆ. ಗಾತ್ರ ಕುಗ್ಗಿದರೂ ಚಿಂತೆಯಿಲ್ಲ, ಕೀಲು ಹೋಗಬಾರದು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ತೊಗಲಿನಲ್ಲಿ ಗಾಂಧೀಜಿಯನ್ನೂ ಆಡಿಸಿದರು. ಕೀಲಿದ್ದರೆ ನಾಳೆ ನಮ್ಮ ಮಕ್ಕಳು ಯಾರ ಕಥೆಯನ್ನಾದರೂ ಆಡಿಸಬಹುದು, ಬ್ಯಾಟ್‌ಮ್ಯಾನ್ ಕಥೆಯನ್ನೂ!

ಕೊನೆಗೆ ಅಪ್ಪನ ಪ್ರಶ್ನೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಉತ್ತರ ಕೊಟ್ಟೆ: "ಪೆಟ್ಟಿಗೆ ನಿಮಗೆ ಸುಳ್ಳು ಹೇಳಿದೆ. ಗೊಂಬೆ ಹೇಳಿಲ್ಲ." ಅವರು ತಲೆಯಾಡಿಸಿದರು. ನಿದ್ದೆ ಹೋಗಿದ್ದ ಮಗನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡರು.

ಆ ಗೊಂಬೆ ಈಗ ನಮ್ಮ ತರಗತಿಯ ಕಿಟಕಿಯ ಮೇಲಿದೆ. ಹುಡುಗನೇ ತಂದಿಟ್ಟ. ಪಕ್ಕದಲ್ಲಿ ಅವನದೇ ಅಕ್ಷರದಲ್ಲಿ ಒಂದು ಚೀಟಿ: 'ಎತ್ತರ 15 ಸೆಂ.ಮೀ. ತಲೆ 3 ಸೆಂ.ಮೀ. ಪಂಚತಾಳ. ಪೆಟ್ಟಿಗೆಯ ಮೇಲಿನ ಸ್ಕೇಲು ತಪ್ಪು. ಅಪ್ಪ ಕೊಡಿಸಿದ್ದು.'

ನಿಮ್ಮ ಶಾಲೆಯ ಮಕ್ಕಳು ಏನೇನು ಅಳೆದರು ಎಂದು ಬರೆದು ತಿಳಿಸಿ. ಮತ್ತೆ ಸಿಗೋಣ.